ಆಟಿಯಲ್ಲಿ ಜ್ವರ, ಚೌತಿಗೆ ಉಗುರು

ಅಕ್ಕ, ಪುಟ್ಟಿಯನ್ನು ಸ್ವಲ್ಪ ಪಾಗಾರದ ಹತ್ತಿರ ಕರ್ಕೊಂಡು ಬನ್ನಿ, ಬೆಳಕಲ್ಲಿ ನೋಡುವ. ಅಳಬೇಡ ಪುಟ್ಟಿ, ನಾನು ಮುಟ್ಟುವುದಿಲ್ಲ, ಬರೀ ನೋಡುವುದು. ನೋಡಿ ಅಕ್ಕ, ಈ ಹೆಬ್ಬೆರಳಿನ ಉಗುರು ತುದಿಯಿಂದ ಬಿಟ್ಟದ್ದಲ್ಲ, ಬುಡದಿಂದ ಬಿಟ್ಟದ್ದು. ತುದಿ ಇನ್ನೂ ಗಟ್ಟಿ ಹಿಡಿದುಕೊಂಡೇ ಉಂಟು. ಬುಡದಲ್ಲಿ ಮಾತ್ರ ಅಡ್ಡಕ್ಕೆ ಒಂದು ಗೆರೆ, ಅಲ್ಲಿ ಹಳೆ ಉಗುರಿನ ಅಂಚು ಬಿಳಿಯಾಗಿ ಎದ್ದು ನಿಂತಿದೆ. ಅದರ ಅಡಿಯಲ್ಲಿ ತೆಳ್ಳಗೆ ಗುಲಾಬಿ ಬಣ್ಣದ್ದು ಕಾಣ್ತದಲ್ಲ, ಅದು ಬರೀ ಮಾಂಸ ಅಲ್ಲ, ಹೊಸ ಉಗುರು. ಸ್ವಲ್ಪ ದೊರಗು ಉಂಟು, ಆದರೆ ಉಗುರೇ. ತೋರುಬೆರಳಲ್ಲಿ ಗೆರೆ ಮಾತ್ರ ಬಂದಿದೆ, ಇನ್ನೂ ಬಿಟ್ಟಿಲ್ಲ. ಕಿರುಬೆರಳಿಗೆ ಎಂತದ್ದೂ ಆಗಿಲ್ಲ. ಕೀವಿಲ್ಲ, ಬಾವು ಇಲ್ಲ, ಸುತ್ತ ಕೆಂಪಾಗಿಲ್ಲ. ಒತ್ತಿದರೆ ನೋವಿಲ್ಲ ಅಂತ ನೀವೇ ಹೇಳಿದ್ರಿ. ಉಗುರುಸುತ್ತು ಆಗಿದ್ದರೆ ಇವಳು ಯಾರನ್ನೂ ಹತ್ತಿರ ಬಿಡ್ತಿರಲಿಲ್ಲ, ರಾತ್ರಿಯಿಡೀ ಅಳ್ತಿದ್ದಳು. ಹಾಗಾಗಿ ಲಿಂಬೆಹುಳಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸುವ ಕೆಲಸ ಬೇಡ.

ನಾನು ಒಂದೇ ಪ್ರಶ್ನೆ ಕೇಳ್ತೇನೆ. ಒಂದು, ಒಂದೂವರೆ ತಿಂಗಳ ಹಿಂದೆ ಇವಳಿಗೆ ಜ್ವರ ಬಂದಿತ್ತಾ? ಬಂದಿತ್ತಲ್ಲ! ಆಟಿ ತಿಂಗಳು ಶುರುವಾದ ವಾರವೇ. ಎರಡು ದಿನ ಮೈ ಬಿಸಿ, ಊಟ ಮುಟ್ಟಲಿಲ್ಲ, ಬಾಯಿ ತೆರೆದರೆ ನಾಲಗೆಯಲ್ಲಿ ಹುಣ್ಣು, ಅಂಗೈಯಲ್ಲಿ, ಪಾದದಲ್ಲಿ, ಕುಂಡೆಯ ಮೇಲೆ ಕೆಂಪು ಬೊಕ್ಕೆ. ಅಂಗನವಾಡಿಯಲ್ಲಿ ಇನ್ನೂ ಮಕ್ಕಳಿಗೆ ಬಂದಿದೆ ಅಂತ ನಿಮ್ಮ ಸೊಸೆ ಹೇಳಿದ್ದು ನನಗೆ ನೆನಪುಂಟು. ಒಂದು ವಾರದಲ್ಲಿ ಬೊಕ್ಕೆ ಒಣಗಿತು, ಮಗು ಮೊದಲಿನ ಹಾಗೆ ಓಡಾಡಿತು, ನಾವೆಲ್ಲ ಮರೆತೆವು. ಅಕ್ಕ, ಈ ಉಗುರು ಆ ಜ್ವರದ್ದೇ. ಹೊಸ ಕಾಯಿಲೆ ಅಲ್ಲ.

ನಡುವೆ ಒಂದು ತಿಂಗಳು ಮೇಲೆ ಹೋದ ಕಾರಣ ಯಾರೂ ಒಂದಕ್ಕೊಂದು ಜೋಡಿಸಿ ನೋಡುವುದಿಲ್ಲ. ಎಲ್ಲ ಹೆದರಿಕೆ ಹುಟ್ಟುವುದು ಆ ಒಂದು ತಿಂಗಳಲ್ಲಿ. ಜ್ವರಕ್ಕೆ ಔಷಧಿ ಕೊಟ್ಟವರು ಆವತ್ತೇ “ಮುಂದಿನ ತಿಂಗಳು ಇವಳ ಒಂದೆರಡು ಉಗುರು ಬಿದ್ದೀತು, ಗಾಬರಿ ಬೇಡ” ಅಂತ ಒಂದು ಮಾತು ಹೇಳಿದ್ದರೆ ನಿಮ್ಮ ಸೊಸೆ ನಿನ್ನೆ ರಾತ್ರಿ ನಿದ್ದೆಗೆಡಬೇಕಾಗಿರಲಿಲ್ಲ. ಅರ್ಧ ನಿಮಿಷದ ಮಾತು ಅದು. ಮಕ್ಕಳ ಡಾಕ್ಟರುಗಳು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್‌ಗಳು ಎಲ್ಲರೂ ಇದನ್ನು ಹೇಳುವ ಅಭ್ಯಾಸ ಮಾಡ್ಕೊಳ್ಬೇಕು ಅಂತ ನನಗೆ ತುಂಬ ಸಲ ಅನಿಸ್ತದೆ.

ಹೌದು, ಅದೇ. ಟಿವಿಯಲ್ಲಿ ಬಂದ ಟೊಮೆಟೊ ಜ್ವರ. 2022ರ ಮೇ ತಿಂಗಳಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಬಂದಾಗ ನಮ್ಮ ಗಡಿ ಜಿಲ್ಲೆಗಳಲ್ಲೂ ನಿಗಾ ಇಡಿ ಅಂತ ಸರಕಾರ ಹೇಳಿತ್ತು. ಆಗ ಎಷ್ಟು ಹೆದರಿಕೆ! ಕೊರೊನಾ ಹೋಗಿ ಉಸಿರು ಬಿಟ್ಟದ್ದಷ್ಟೆ, ಮತ್ತೊಂದು ಬಂತು ಅಂತ. ಟೊಮೆಟೊ ತಿಂದರೆ ಬರ್ತದೆ ಅಂತ ಹೇಳಿದವರೂ ಇದ್ದರು. ಬೊಕ್ಕೆ ಕೆಂಪಗೆ ಗುಂಡಗೆ ಇರುವ ಕಾರಣ ಆ ಹೆಸರು, ತರಕಾರಿಗೂ ಅದಕ್ಕೂ ಸಂಬಂಧ ಇಲ್ಲ. ಆ ವರ್ಷ ಕೇರಳಕ್ಕೆ ಬಂದು ಇಂಗ್ಲೆಂಡಿಗೆ ವಾಪಸು ಹೋದ ಇಬ್ಬರು ಮಕ್ಕಳಿಗೆ ಇದೇ ಬೊಕ್ಕೆ ಎದ್ದಾಗ ಅಲ್ಲಿ ಪರೀಕ್ಷೆ ಮಾಡಿದರು, ಸಿಕ್ಕಿದ್ದು ಕಾಕ್ಸಾಕಿ ಎ16 ಎಂಬ ವೈರಸ್ಸು. ಅಂದರೆ ಡಾಕ್ಟರುಗಳು ಹ್ಯಾಂಡ್ ಫೂಟ್ ಮೌತ್ ಅಂತ ಚೀಟಿಯಲ್ಲಿ ಬರೆಯುವ ಹಳೆಯ ಕಾಯಿಲೆಯೇ. ಕಲ್ಲಿಕೋಟೆಯಲ್ಲಿ 2003ರಲ್ಲೇ ಅದು ಬಂದಿತ್ತು.

ಭಾವ ನಿನ್ನೆ ಹಟ್ಟಿಯ ದನ ನೋಡ್ತಾ ಕೇಳಿದರಂತೆ, ದನದ ಕಾಲುಬಾಯಿ ಜ್ವರ ಮಗುವಿಗೆ ಹತ್ತಿದ್ದಾ ಅಂತ. ಅಲ್ಲ. ಅದರ ವೈರಸ್ಸು ಬೇರೆ, ಇದರದ್ದು ಬೇರೆ. ದನದಿಂದ ಇವಳಿಗೆ ಬಂದದ್ದಲ್ಲ, ಇವಳಿಂದ ದನಕ್ಕೆ ಹೋಗುವುದೂ ಇಲ್ಲ. ಭಾವನಿಗೆ ಇದನ್ನು ಮರೆಯದೆ ಹೇಳಿ, ಮಗುವನ್ನು ಹಟ್ಟಿಯ ಹತ್ತಿರ ಬಿಡದೆ ಗದರಿಸ್ತಾ ಇದ್ದರು.

ಕಾಕ್ಸಾಕಿ ಅಂದರೆ ಒಂದು ಊರು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ದಡದಲ್ಲಿರುವ ಸಣ್ಣ ಪೇಟೆ. ಗಿಲ್ಬರ್ಟ್ ಡಾಲ್ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಎಂಬವರು ಪೋಲಿಯೊದ ಬೆನ್ನು ಹಿಡಿದು ಹುಡುಕುವಾಗ ಆ ಊರಿನ ಮಕ್ಕಳ ಮಲದಲ್ಲಿ ಬೇರೆಯೇ ಒಂದು ವೈರಸ್ಸು ಸಿಕ್ಕಿತು. ಅದನ್ನು 1948ರಲ್ಲಿ ಪ್ರಕಟ ಮಾಡಿದರು. ಪೋಲಿಯೊದ ಬಳಗದ್ದೇ, ಆದರೆ ಮಕ್ಕಳಿಗೆ ಹೆಚ್ಚಾಗಿ ಒಂದು ವಾರದ ಉಪದ್ರ ಕೊಟ್ಟು ಹೋಗುವಂಥದ್ದು. ಅದರಲ್ಲಿ ಬೇರೆ ಬೇರೆ ನಂಬರುಗಳು ಉಂಟು. ಉಗುರಿಗೆ ಹೆಚ್ಚು ಕೈಹಾಕುವುದು ಎ6 ಎಂಬ ನಂಬರಿನದ್ದು. ಅದು ಬಂದ ಕಡೆ ಬೊಕ್ಕೆ ಬಾಯಿಯ ಸುತ್ತ, ತೋಳು, ತೊಡೆಗೂ ಹರಡ್ತದೆ, ಆಮೇಲೆ ಅಂಗೈ, ಅಂಗಾಲಿನ ಚರ್ಮ ಸುಲಿಯುತ್ತದೆ, ಕೊನೆಗೆ ಉಗುರು.

ಉಗುರಿಗೂ ಜ್ವರಕ್ಕೂ ಎಂತ ಸಂಬಂಧ ಅಂತ ಕೇಳಿದ್ರಲ್ಲ, ಹೇಳ್ತೇನೆ. ನಮಗೆ ಕಾಣುವ ಉಗುರು ಸತ್ತದ್ದು, ಕೂದಲಿನ ಹಾಗೆ. ಅದಕ್ಕೆ ನೋವಿಲ್ಲ. ಜೀವ ಇರುವುದು ಬುಡದಲ್ಲಿ, ಚರ್ಮದ ಮಡಿಕೆಯ ಒಳಗೆ. ಅಲ್ಲಿ ಉಗುರು ತಯಾರಾಗ್ತದೆ. ನಿಮ್ಮ ಹೆಬ್ಬೆರಳಿನ ಬುಡದಲ್ಲಿ ಅರ್ಧಚಂದ್ರದ ಹಾಗೆ ಬಿಳಿ ಕಾಣ್ತದಲ್ಲ, ಅದು ಆ ಬೇರಿನ ಹೊರಗೆ ಇಣುಕುವ ತುಂಡು. ಆ ಬೇರು ದಿನಾ ಸ್ವಲ್ಪ ಸ್ವಲ್ಪ ಹೊಸದನ್ನು ಮಾಡಿ ಹಳೆಯದನ್ನು ಮುಂದೆ ತಳ್ತದೆ. ಮೈಗೆ ಜೋರು ಉಪದ್ರ ಆದಾಗ ಬೇರು ಕೆಲಸ ನಿಧಾನ ಮಾಡ್ತದೆ. ನಿಧಾನ ಆದರೆ ಉಗುರು ಅಲ್ಲಿ ತೆಳುವಾಗಿ ಅಡ್ಡಕ್ಕೆ ಒಂದು ತಗ್ಗು ಗೆರೆ ಬೀಳ್ತದೆ. ಕೆಲವು ದಿನ ಪೂರ್ತಿ ನಿಂತುಬಿಟ್ಟರೆ ಹಳೆ ಉಗುರಿಗೂ ಹೊಸತಕ್ಕೂ ನಡುವೆ ಜಾಗ ಬಿಟ್ಟುಹೋಗ್ತದೆ. ಬೇರು ಮತ್ತೆ ಶುರು ಮಾಡಿದಾಗ ಹೊಸ ಉಗುರು ಅಡಿಯಿಂದ ಬಂದು ಹಳೆಯದನ್ನು ಮೇಲೆತ್ತಿ ಕಳಚುತ್ತದೆ. ಪುಟ್ಟಿಯ ತೋರುಬೆರಳಲ್ಲಿ ಆದದ್ದು ಮೊದಲನೆಯದ್ದು, ಹೆಬ್ಬೆರಳಲ್ಲಿ ಎರಡನೆಯದ್ದು. ಒಂದೇ ಕೈ, ಒಂದೇ ಜ್ವರ.

ನಮ್ಮ ತೆಂಗಿನ ಮರದಲ್ಲೂ ಹೀಗೇ ಅಲ್ವಾ ಅಕ್ಕ? ನೀರಿಲ್ಲದೆ ಸೊರಗಿದ ವರ್ಷದ ಕಾಂಡ ಸಪೂರ ಆಗಿಬಿಡ್ತದೆ, ಮರ ಚೇತರಿಸಿ ಎತ್ತರಕ್ಕೆ ಹೋದರೂ ಆ ಜಾಗ ಹಾಗೇ ಉಳಿಯುತ್ತದೆ. ಉಗುರಲ್ಲಿ ಒಂದು ಅನುಕೂಲ, ಅದು ಮುಂದೆ ಸಾಗಿ ಕೊನೆಗೆ ಕತ್ತರಿಸಿ ಹೋಗ್ತದೆ. ಈ ಅಡ್ಡಗೆರೆಯನ್ನು 1846ರಲ್ಲೇ ಬೋ ಎಂಬ ಫ್ರಾನ್ಸಿನ ಡಾಕ್ಟರು ಗಮನಿಸಿ ಬರೆದರು. ಇವತ್ತಿಗೂ ಅದಕ್ಕೆ ಅವರದ್ದೇ ಹೆಸರು. ಗೆರೆ ಬುಡದಿಂದ ಎಷ್ಟು ದೂರ ಬಂದಿದೆ ಅಂತ ನೋಡಿ, ಕಾಯಿಲೆ ಯಾವಾಗ ಬಂದಿತ್ತು ಅಂತ ಲೆಕ್ಕ ಹಾಕಬಹುದು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಪುಟ್ಟಿಯ ತೋರುಬೆರಳಿನ ಗೆರೆ ನೋಡಿ, ಮಡಿಕೆಯಿಂದ ಮೂರು ಮಿಲಿಮೀಟರ್ ಹತ್ತಿರ ಬಂದಿದೆ. ಚರ್ಮದ ಒಳಗಿಂದ ಹೊರಗೆ ಕಾಣ್ಲಿಕ್ಕೆ ಬೇಕಾದ ಕೆಲವು ದಿನ ಸೇರಿಸಿ. ಸೀದ ಆಟಿಯ ಮೊದಲ ವಾರಕ್ಕೆ ಹೋಗಿ ನಿಲ್ತದೆ!

ಅಮೆರಿಕದಲ್ಲಿ ವಿಲಿಯಂ ಬೀನ್ ಅಂತ ಒಬ್ಬರು ಡಾಕ್ಟರು ಇದ್ದರು. ಅವರು ತಮ್ಮ ಎಡಗೈ ಹೆಬ್ಬೆರಳಿನ ಉಗುರಿನ ಬುಡದಲ್ಲಿ ತಿಂಗಳ ಮೊದಲ ದಿನ ಗೀಟು ಹಾಕಿ, ಅದು ತುದಿಗೆ ಬರುವವರೆಗೆ ಎಷ್ಟು ದಿನ ಅಂತ ಬರೆದಿಡ್ತಿದ್ದರು. ಒಂದು ವರ್ಷ, ಎರಡು ವರ್ಷ ಅಲ್ಲ ಅಕ್ಕ, 35 ವರ್ಷ. 32ನೇ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿದ್ದ ಉಗುರು 67ಕ್ಕೆ ಬಂದಾಗ 0.095ಕ್ಕೆ ಇಳಿದಿತ್ತು. 1980ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಬೆರಳಿನ ಮೇಲೆ ಅಷ್ಟು ವರ್ಷ ಕಣ್ಣಿಟ್ಟವರಿದ್ದಾರೆ ಅಂತ ಓದಿದಾಗ ನನಗೆ ಬಹಳ ಗೌರವ ಬಂತು. ಇವಳಿಗೆ ನಮಗಿಂತ ಬೇಗ ಬೆಳೆಯುತ್ತದೆ, ಸಣ್ಣ ಪ್ರಾಯ ಅಲ್ವಾ.

ವಿದ್ಯುತ್ ಸ್ಥಾವರದ ಬೂದಿಯಿಂದ ಆದದ್ದಾ ಅಂತಲಾ? ನೀವು ಅದನ್ನು ಕೇಳ್ತೀರಿ ಅಂತ ಗೊತ್ತಿತ್ತು. ನಮ್ಮ ಎಲ್ಲೂರಲ್ಲಿ ಯಾರಿಗೆ ಎಂತ ಆದರೂ ಕಣ್ಣು ಮೊದಲು ಹೋಗುವುದು ಕಲ್ಲಿದ್ದಲಿನ ಆ ಚಿಮಣಿಯ ಕಡೆಗೆ. ಬೂದಿಯ ಮಾತು ಬೇರೆ, ಅದನ್ನು ಅದರ ಜಾಗದಲ್ಲೇ ಮಾತಾಡುವ. ಆದರೆ ಈ ಉಗುರು ಅದರದ್ದಲ್ಲ. ಚಿಕಾಗೊದಲ್ಲಿ ಇಬ್ಬರು ಡಾಕ್ಟರುಗಳು ಐದು ಮಕ್ಕಳನ್ನು ನೋಡಿ, ಈ ಬಾಯಿಹುಣ್ಣಿನ ಜ್ವರ ಬಂದ ಮೇಲೆ ಉಗುರು ಕಳಚಿದೆ ಅಂತ 2000ದಲ್ಲಿ ಮೊದಲು ಬರೆದರು. 2008ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಇದ್ದಕ್ಕಿದ್ದ ಹಾಗೆ ಸಣ್ಣ ಮಕ್ಕಳ ಉಗುರು ಬೀಳ್ಲಿಕ್ಕೆ ಶುರುವಾಗಿ ಊರಿಗೆ ಊರೇ ಗಾಬರಿಯಾಯ್ತು. ಅದೇ ವರ್ಷ ಫಿನ್ಲೆಂಡಿನಲ್ಲೂ ಆಯ್ತು. ಅಲ್ಲಿನವರು ಬಿದ್ದ ಉಗುರಿನ ತುಂಡುಗಳನ್ನೇ ಲ್ಯಾಬಿಗೆ ಕಳಿಸಿದರು. ಅದರಲ್ಲಿ ಆ ಎ6 ವೈರಸ್ಸಿನ ಗುರುತು ಸಿಕ್ಕಿತು. ಫಿನ್ಲೆಂಡಿನ ಚಳಿಯಲ್ಲಿ, ವಲೆನ್ಸಿಯಾದ ಬಿಸಿಲಲ್ಲಿ, ನಮ್ಮ ಪಡುಬಿದ್ರಿ ಉಚ್ಚಿಲದ ಮಳೆಯಲ್ಲಿ ಒಂದೇ ತರಹ ಆಗ್ತದೆ ಅಂದ ಮೇಲೆ ಕಾರಣ ನಮ್ಮ ಗಾಳಿಯಲ್ಲಿ ಮಾತ್ರ ಹುಡುಕುವುದು ಹೇಗೆ?

ಕ್ಯಾಲ್ಸಿಯಂ ಕಡಿಮೆಯೂ ಅಲ್ಲ. ಉಗುರಲ್ಲಿ ಬಿಳಿ ಚುಕ್ಕೆ ಕಂಡರೆ ಕ್ಯಾಲ್ಸಿಯಂ ಟಾನಿಕ್ ತರುವುದು ನಮ್ಮಲ್ಲಿ ಮೊದಲಿನಿಂದ ಉಂಟು. ಆ ಚುಕ್ಕೆಗಳು ಹೆಚ್ಚಾಗಿ ಬುಡಕ್ಕೆ ಎಲ್ಲೋ ಸಣ್ಣ ಪೆಟ್ಟಾದದ್ದು. ಫಂಗಸ್ ಅಂತ ಯಾರೋ ಹೇಳಿ ನಿಮ್ಮ ಸೊಸೆ ಮುಲಾಮು ತರ್ಲಿಕ್ಕೆ ಹೊರಟಿದ್ದಾಳಲ್ಲ, ಅದನ್ನು ದಯವಿಟ್ಟು ನಿಲ್ಲಿಸಿ. ಉಗುರಿಗೆ ಫಂಗಸ್ ಆದರೆ ಅದು ಹೆಚ್ಚಾಗಿ ತುದಿಯಿಂದ ಅಥವಾ ಬದಿಯಿಂದ ಶುರುವಾಗ್ತದೆ. ಉಗುರು ಹಳದಿಯಾಗಿ, ದಪ್ಪವಾಗಿ, ಹುಡಿಹುಡಿ ಆಗ್ತದೆ, ತಿಂಗಳುಗಟ್ಟಲೆ ನಿಧಾನ ಹಬ್ಬುತ್ತದೆ. ಇಷ್ಟು ಸಣ್ಣ ಮಕ್ಕಳಿಗೆ ಅದು ಬರುವುದೇ ಅಪರೂಪ. ಒಟ್ಟೊಟ್ಟಿಗೆ ಒಂದೆರಡು ಬೆರಳಲ್ಲಿ, ಬುಡದಿಂದ, ನೋವಿಲ್ಲದೆ ಬಿಟ್ಟಿದೆ ಅಂದರೆ ಮೊದಲು ಜ್ವರದ ನೆನಪು ಮಾಡ್ಕೊಳ್ಬೇಕು. ಫಂಗಸ್ಸಿನ ಗುಳಿಗೆ ಕೊಟ್ಟರೆ ತಿಂಗಳುಗಟ್ಟಲೆ ಕೊಡಬೇಕಾಗ್ತದೆ. ಬೇಡದ ಔಷಧಿಯನ್ನು ಮೂರು ವರ್ಷದ ಮಗುವಿನ ಹೊಟ್ಟೆಗೆ ಅಷ್ಟು ದಿನ ಯಾಕೆ ಹಾಕುವುದು?

ನಾಗನಿಗೆ ತಂಬಿಲ ಸೇವೆ ಹೇಳಿಕೊಂಡದ್ದಾ? ಹೇಳಿಕೊಳ್ಳಿ ಅಕ್ಕ, ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ತುಳುನಾಡಿನಲ್ಲಿ ಚರ್ಮದ ಮೇಲೆ ಎಂತ ಕಂಡರೂ ಮನಸ್ಸು ನಾಗಬನದ ಕಡೆ ಹೋಗುವುದು ನಮ್ಮ ಹಿರಿಯರಿಂದ ಬಂದದ್ದು. ಆದರೆ ನಿಮ್ಮ ಸೊಸೆಗೆ “ನಿನ್ನಿಂದ ಎಂತದೋ ಮೈಲಿಗೆ ಆಗಿರಬೇಕು” ಅಂತ ಯಾರಾದರೂ ಹೇಳ್ಲಿಕ್ಕೆ ಬಂದರೆ ನೀವು ಅಡ್ಡ ನಿಲ್ಲಬೇಕು. ಅವಳು ಆ ಒಂದು ವಾರ ಮಗುವಿಗೆ ಎಷ್ಟು ಮಾಡಿದ್ದಾಳೆ ಅಂತ ನಾನು ಈಚೆಯಿಂದ ನೋಡಿದ್ದೇನೆ. ಬಾಯಿಹುಣ್ಣಿಗೆ ಸಾರು ಉರಿ, ಪುನರ್ಪುಳಿ ಶರಬತ್ತು ಹುಳಿ, ಎಂತದ್ದೂ ಆಗ್ತಿರಲಿಲ್ಲ. ರಾಗಿ ಮಣ್ಣಿ ತಣಿಸಿ ಚಮಚದಲ್ಲಿ ಕೊಟ್ಟಳು, ಬೊಂಡ ನೀರು ಗುಟುಕು ಗುಟುಕಾಗಿ ಕುಡಿಸಿದಳು. ನಮ್ಮ ಎಲ್ಲೂರಿನ ವಿಶ್ವೇಶ್ವರ ದೇವರಿಗೆ ಸೀಯಾಳದ ಅಭಿಷೇಕ ಅಂದರೆ ಇಷ್ಟವಂತೆ, ಈ ಜ್ವರದಲ್ಲಿ ಮಕ್ಕಳಿಗೂ ಅದೇ ಹಿತ. ಈ ಕಾಯಿಲೆಗೆ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್, ಬಾಯಿಗೆ ತಂಪು, ಮೈಯಲ್ಲಿ ನೀರು ಕಡಿಮೆಯಾಗದ ಹಾಗೆ ನೋಡುವುದು, ಇದೇ ಮದ್ದು. ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬರುವುದು ಹೆಚ್ಚಾಗಿ ನುಂಗಲಿಕ್ಕಾಗದೆ ಮೈ ಒಣಗಿದಾಗ. ಅವಳು ಒಣಗ್ಲಿಕ್ಕೆ ಬಿಡಲಿಲ್ಲ.

ಈಗ ಉಗುರಿಗೆ ಎಂತ ಮಾಡುವುದು ಅಂದರೆ, ಹೆಚ್ಚು ಎಂತದ್ದೂ ಇಲ್ಲ. ಎಳೆದು ಕೀಳಬೇಡಿ. ತುದಿ ಇನ್ನೂ ಅಂಟಿಕೊಂಡಿದೆ, ಎಳೆದರೆ ರಕ್ತ ಬರ್ತದೆ, ಆಗ ನಿಜವಾಗಿ ಕೀವಾದೀತು. ಸ್ನಾನದ ನಂತರ ಉಗುರು ಮೆತ್ತಗಿರುವಾಗ ಎದ್ದು ನಿಂತ ಅಂಚನ್ನು ಮಾತ್ರ ಕಟ್ಟರಿನಲ್ಲಿ ತೆಗೆಯಿರಿ. ಇಲ್ಲದಿದ್ದರೆ ಬಟ್ಟೆಗೆ, ಕೂದಲಿಗೆ ಸಿಕ್ಕಿಹಾಕಿಕೊಳ್ತದೆ. ಹೊರಗೆ ಆಡುವಾಗ ಒಂದು ಬ್ಯಾಂಡೇಜ್ ಸುತ್ತಿ, ರಾತ್ರಿ ಬಿಚ್ಚಿ ಒಣಗ್ಲಿಕ್ಕೆ ಬಿಡಿ. ನೇಲ್ ಪಾಲಿಶ್ ಸದ್ಯಕ್ಕೆ ಬೇಡ, ಅಳುತ್ತಾಳೆ, ಆದರೂ ಬೇಡ. ಮೊದಲು ಬರುವ ಹೊಸ ಉಗುರು ಸ್ವಲ್ಪ ಸೊಟ್ಟ ಇದ್ದೀತು, ಮೇಲೆ ಗೀಟು ಇದ್ದೀತು. ಅದನ್ನು ನೋಡಿ ಮತ್ತೆ ಹೆದರಬೇಡಿ. ಹಿಂದಿನಿಂದ ಬರುವುದು ನಯವಾಗಿಯೇ ಬರ್ತದೆ.

ಡಾಕ್ಟರಿಗೆ ತೋರಿಸಲೇಬಾರದು ಅಂತ ನಾನು ಹೇಳುವುದಿಲ್ಲ. ಸುತ್ತ ಕೆಂಪಾಗಿ ಊದಿದರೆ, ಕೀವು ಬಂದರೆ, ನೋವಿದ್ದರೆ ಹೋಗಲೇಬೇಕು. ಜ್ವರವೇ ಬಾರದೆ ಉಗುರು ಬಿದ್ದರೆ, ಅಥವಾ ಬಿದ್ದದ್ದು ಬಂದು ಮತ್ತೆ ಮತ್ತೆ ಬಿದ್ದರೆ ಕೂಡ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಯಾವುದಾದರೂ ಮಗುವಿಗೆ ಜ್ವರ ಐದು ದಿನ ಇಳಿಯದೆ, ಕಣ್ಣು ಕೆಂಪಾಗಿ, ತುಟಿ ಒಡೆದು ನಾಲಗೆ ಕೆಂಪಾಗಿ, ಕೈಕಾಲು ಊದಿ, ಆಮೇಲೆ ಬೆರಳ ತುದಿಯ ಚರ್ಮ ಸುಲಿದರೆ ಅದು ಕವಾಸಾಕಿ ಎಂಬ ಬೇರೆ ಕಾಯಿಲೆ ಇರಬಹುದು. ಜಪಾನಿನ ಕವಾಸಾಕಿ ಎಂಬ ಮಕ್ಕಳ ಡಾಕ್ಟರು 1967ರಲ್ಲಿ ವಿವರಿಸಿ ಬರೆದದ್ದು. ಅದು ಹೃದಯದ ರಕ್ತನಾಳಕ್ಕೆ ಹೋಗ್ತದೆ, ಅದಕ್ಕೆ ಸಮಯಕ್ಕೆ ಸರಿಯಾಗಿ ಔಷಧಿ ಬೇಕು. ಅಲ್ಲಿ ಉಗುರಿನ ತನಕ ಕಾಯುವುದಲ್ಲ, ಜ್ವರ ಇರುವಾಗಲೇ ಓಡಬೇಕು. ಹಾಗೆಯೇ ಬಾಯಿಹುಣ್ಣಿನ ಜ್ವರದಲ್ಲೂ ಮಗು ಮಂಕಾಗಿ ಮಲಗಿದ್ದರೆ, ನಿದ್ದೆಯಲ್ಲಿ ಬೆಚ್ಚಿ ಬೆಚ್ಚಿ ಬಿದ್ದರೆ, ವಾಂತಿ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರ ಹೋಗದಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬಾರದು. ಅಜ್ಜರಕಾಡಿನ ಆಸ್ಪತ್ರೆಗೆ, ಮಣಿಪಾಲಕ್ಕೆ ಎಷ್ಟು ದೂರ ನಮಗೆ?

ಮಣಿಪಾಲ ಅಂದಾಗ ನೆನಪಾಯ್ತು, 2018ರಲ್ಲಿ ಕೇರಳದ ನಿಪಾ ವೈರಸ್ಸನ್ನು ಮೊದಲು ಪತ್ತೆ ಮಾಡಿದ್ದು ಅಲ್ಲಿನ ವೈರಸ್ ಸಂಶೋಧನಾ ಕೇಂದ್ರದವರು. ಅಂಥ ಲ್ಯಾಬು ನಮ್ಮ ಬಾಗಿಲಲ್ಲೇ ಉಂಟು. ಆದರೂ ಪುಟ್ಟಿಯ ಉಗುರಿಗೆ ಪರೀಕ್ಷೆ ಬೇಕಾಗಿಲ್ಲ. ಕಣ್ಣಲ್ಲಿ ನೋಡಿ, ಹಿಂದಿನ ಜ್ವರದ ಕಥೆ ಕೇಳಿದರೆ ಡಾಕ್ಟರಿಗೆ ಗೊತ್ತಾಗ್ತದೆ. ಹೋಗುವುದಿದ್ದರೆ ಆ ಜ್ವರದ ಚೀಟಿ ತಪ್ಪದೆ ತಗೊಂಡು ಹೋಗಿ. ತಾರೀಕು ಅದರಲ್ಲಿರ್ತದೆ. ಮಕ್ಕಳ ಜ್ವರದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಮನೆಗಳಿದ್ದವು ಮೊದಲು, ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕದ ಪಕ್ಕದಲ್ಲಿ. ಆ ಅಭ್ಯಾಸ ಈಗ ಹೋಗಿದೆ, ವಾಪಸು ಬರಬೇಕು.

ಅಂಗನವಾಡಿಗೆ ಕಳಿಸಬಹುದು, ಧಾರಾಳ. ಉಗುರು ಬೀಳುವ ಹೊತ್ತಿಗೆ ಕಾಯಿಲೆ ಮುಗಿದಿದೆ. ಟೀಚರ್ ಬೇಡ ಅಂದರೆ ನಾನೇ ಬಂದು ಮಾತಾಡ್ತೇನೆ. ಬೇರೆ ಮಕ್ಕಳು ಅವಳ ಕೈ ನೋಡಿ ದೂರ ಹೋದರಂತೆ, ಅದು ಕೇಳಿ ನನಗೆ ಬೇಸರವಾಯ್ತು. ಆದರೆ ಕೈ ತೊಳೆಯುವುದನ್ನು ಬಿಡಬಾರದು, ಅದು ಉಗುರಿನ ಕಾರಣಕ್ಕಲ್ಲ, ಬೇರೆ ಒಂದು ಕಾರಣಕ್ಕೆ. ಈ ವೈರಸ್ಸು ಮಗು ಹುಷಾರಾದ ಮೇಲೂ ಕೆಲವು ವಾರ ಮಲದಲ್ಲಿ ಹೋಗ್ತಾ ಇರ್ತದೆ. ತೊಳೆಸಿದ ಮೇಲೆ ಸೋಪು ಹಾಕಿ ಚೆನ್ನಾಗಿ ತಿಕ್ಕಿ ಕೈ ತೊಳೆಯಬೇಕು, ನಿಮ್ಮದೂ ಅವಳದೂ. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಇದಕ್ಕೆ ಸಾಲುವುದಿಲ್ಲ. ಕೊರೊನಾಕ್ಕೆ ಹೊರಗೆ ಒಂದು ಕೊಬ್ಬಿನ ಪೊರೆ ಇತ್ತು, ಆಲ್ಕೋಹಾಲ್ ಅದನ್ನು ಹರಿದುಹಾಕ್ತಿತ್ತು. ಇದಕ್ಕೆ ಆ ಪೊರೆ ಇಲ್ಲ. ಸೋಪು, ನೀರು, ತಿಕ್ಕುವುದು, ಅಷ್ಟೆ.

ಕಾಲು ನೋಡಿದ್ದೀರಾ? ಇಲ್ಲವಾ? ಕೈಯದ್ದು ಮಾತ್ರ ಎಲ್ಲರೂ ನೋಡುವುದು. ಕಾಲಿನ ಉಗುರು ಬಹಳ ನಿಧಾನ, ಬಿಡುವುದೂ ತಡ, ಬರುವುದೂ ತಡ. ಕೈಯದ್ದು ಪೂರ್ತಿ ಬರ್ಲಿಕ್ಕೆ ದೊಡ್ಡವರಿಗಾದರೆ ಆರು ತಿಂಗಳು ಬೇಕು, ಕಾಲಿನ ಹೆಬ್ಬೆರಳಿಗೆ ಒಂದು ವರ್ಷ, ಒಂದೂವರೆ ವರ್ಷ. ಇವಳಿಗೆ ಅದಕ್ಕಿಂತ ಬೇಗ ಆದೀತು. ನವರಾತ್ರಿಯ ಹೊತ್ತಿಗೆ ಕಾಲಲ್ಲೂ ಒಂದು ಗೆರೆ ಕಂಡರೆ ಇದೇ ಜ್ವರದ್ದು ಅಂತ ತಿಳ್ಕೊಳ್ಳಿ, ಹೊಸದಾಗಿ ಲೆಕ್ಕ ಶುರು ಮಾಡಬೇಡಿ. ಬಿಗಿ ಶೂ ಹಾಕಬೇಡಿ.

ಬೈಲಿನ ಆಚೆ ಮನೆಯ ಹುಡುಗನಿಗೂ ಅದೇ ವಾರ ಬೊಕ್ಕೆ ಎದ್ದದ್ದಲ್ವಾ? ಅವನ ತಾಯಿಗೆ ಇವತ್ತೇ ಒಂದು ಫೋನ್ ಮಾಡಿ. ಅವನ ಉಗುರು ಇನ್ನೂ ಬಿಟ್ಟಿರಲಿಕ್ಕಿಲ್ಲ. ಬಿಡುವ ಮೊದಲೇ ಅವಳಿಗೆ ಗೊತ್ತಿರಲಿ.